ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕಲ್ಲುಗಳನ್ನು ಯುವಿ ಬೆಳಕಿನಲ್ಲಿ ನೋಡುವುದು ಹೇಗೆ

ಈ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕಲ್ಲು ಹುಡುಕುತ್ತಾರೆ, ಆಮೇಲೆ ಕೈಗೆ ಸಿಕ್ಕಿದ ಟಾರ್ಚ್ ಹಾಯಿಸಿ "ನಮ್ಮ ಕಡೆ ಏನೂ ಹೊಳೆಯೋದಿಲ್ಲ" ಎಂದು ಕೈಬಿಡುತ್ತಾರೆ. ತಪ್ಪು ಹೆಚ್ಚಿನ ಸಲ ಕಲ್ಲಿನದಲ್ಲ, ದೀಪದ್ದು. ಇಲ್ಲವೇ ಸಾಲದ ಕತ್ತಲಿನದು. ಹಾಗಾಗಿ ದುಡ್ಡು ಮೊದಲು ದೀಪಕ್ಕೆ ಹೋಗಲಿ. ಕಲ್ಲಿಗೆ ಈ ಮೂರು ಜಿಲ್ಲೆಗಳಲ್ಲಿ ಬರವಿಲ್ಲ.

ಕೆಲವು ಖನಿಜಗಳು ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಬೆಳಕನ್ನು ಹೀರಿಕೊಂಡು ಕಾಣುವ ಬಣ್ಣವಾಗಿ ಹೊರಗೆ ಬಿಡುತ್ತವೆ. ಇದು ಪ್ರತಿದೀಪ್ತಿ. ಬಹಳಷ್ಟು ಖನಿಜಗಳಲ್ಲಿ ಈ ಕೆಲಸ ಮಾಡುವುದು ಕಲಬೆರಕೆಯಾಗಿ ಸೇರಿದ ಅತ್ಯಲ್ಪ ಮ್ಯಾಂಗನೀಸ್, ಕ್ರೋಮಿಯಂ, ಯುರೇನಿಯಂನಂಥ ಧಾತುಗಳು. ಕಬ್ಬಿಣ ಸೇರಿದರೆ ಮಾತ್ರ ಹೊಳಪು ಸತ್ತಂತೆಯೇ. ನಮ್ಮ ಕಪ್ಪು, ಕೆಂಪು ಕಲ್ಲುಗಳ ಮೇಲೆ ದೀಪ ಹಿಡಿದರೆ ಕತ್ತಲೇ ಕಾಣುವುದಕ್ಕೆ ಮುಖ್ಯ ಕಾರಣ ಅದೇ.

ದೀಪ

ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ, ನೋಟು ನೋಡುವ ನೇರಳೆ ಟಾರ್ಚ್ ಬಹುಪಾಲು, ಬೆಳಕಿನ ಅಲೆಯುದ್ದದ ಲೆಕ್ಕದಲ್ಲಿ, 395 ನ್ಯಾನೋಮೀಟರ್‌ನದು. ಅದರಿಂದ ಕಾಣುವ ನೇರಳೆ ಬೆಳಕೇ ಧಾರಾಳವಾಗಿ ಬರುವುದರಿಂದ ಯಾವ ಕಲ್ಲಿಗೆ ಹಿಡಿದರೂ ನೇರಳೆಯಾಗಿ ಕಾಣುತ್ತದೆ. ಮಂದವಾಗಿ ಹೊಳೆಯುವ ಖನಿಜ ಅದರಲ್ಲಿ ಮುಳುಗಿಹೋಗುತ್ತದೆ. ನೋಟಿನ ಭದ್ರತಾ ದಾರ ಹೊಳೆಯಿತು ಎಂದ ಮಾತ್ರಕ್ಕೆ ದೀಪ ಒಳ್ಳೆಯದು ಎಂದುಕೊಳ್ಳಬೇಡಿ, ಅದು ಕಳಪೆ ಟಾರ್ಚ್‌ಗೂ ಹೊಳೆಯುತ್ತದೆ.

ಬೇಕಾದದ್ದು ಎರಡು ದೀಪ. ಒಂದು ಲಾಂಗ್‌ವೇವ್, ಅಂದರೆ 365 ನ್ಯಾನೋಮೀಟರ್ ಎಲ್‌ಇಡಿ ಟಾರ್ಚ್. ಮುಂದೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ, ಕಪ್ಪಾಗಿ ಕಾಣುವ ಜೆಡ್‌ಡಬ್ಲ್ಯುಬಿ2 ಗಾಜಿನ ಫಿಲ್ಟರ್ ಇರಲೇಬೇಕು. ಕಾನ್ವಾಯ್ ಎಸ್2+ ಮಾದರಿಯ ಟಾರ್ಚ್‌ಗೆ ಈ ಫಿಲ್ಟರ್ ಕೂರಿಸಿದ್ದು ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿದೆ. 18650 ಸೆಲ್ ಹಾಕಬೇಕು, ಚಾರ್ಜರ್ ಬೇರೆ ಕೊಳ್ಳಬೇಕಾಗಬಹುದು. ಇನ್ನೊಂದು ಶಾರ್ಟ್‌ವೇವ್, 254 ನ್ಯಾನೋಮೀಟರ್. ಇದು ಪಾದರಸದ ಆವಿಯ ಟ್ಯೂಬ್‌ನಿಂದ ಬರುತ್ತದೆ. ಫಿಲ್ಟರ್ ಸಮೇತ ಕೊಂಡರೆ ಹಲವು ಸಾವಿರ ರೂಪಾಯಿ. ದುಬಾರಿಯೇ, ಆದರೆ ಕೋಲಾರದ ಕಡೆ ನೋಡಬೇಕಾದ ಮುಖ್ಯ ಖನಿಜ ಇದಕ್ಕೆ ಮಾತ್ರ ಹೊಳೆಯುವುದರಿಂದ ಬೇರೆ ದಾರಿಯಿಲ್ಲ.

ನೀರು ಶುದ್ಧೀಕರಿಸುವ ಯಂತ್ರದ ಯುವಿ ಟ್ಯೂಬ್ ಬಿಚ್ಚಿ ಬಳಸುವ ಯೋಚನೆ ಎಲ್ಲರಿಗೂ ಬರುತ್ತದೆ. ಅದೂ 254 ನ್ಯಾನೋಮೀಟರೇ, ನಿಜ. ಆದರೆ ಫಿಲ್ಟರ್ ಇಲ್ಲದ ಟ್ಯೂಬ್ ತಿಳಿನೀಲಿ ಬೆಳಕನ್ನೂ ಚೆಲ್ಲುತ್ತದೆ, ಕಲ್ಲಿನ ಬಣ್ಣ ಆ ನೀಲಿಯಲ್ಲಿ ಕಳೆದುಹೋಗುತ್ತದೆ. ಮೇಲಾಗಿ ಬೆತ್ತಲೆ ಟ್ಯೂಬ್ ಎಲ್ಲ ದಿಕ್ಕಿಗೂ ಹೊಡೆಯುವುದರಿಂದ ಕಣ್ಣು ಉಳಿಯುವುದಿಲ್ಲ. ಬೇಡ.

ಫಿಲ್ಟರ್ ಸರಿಯಿದೆಯೇ ಎಂದು ತಿಳಿಯಲು ಬಿಳಿ ಕಾಗದ ಬಳಸಬೇಡಿ, ಕಾಗದಕ್ಕೆ ಹಾಕಿದ ಬಿಳಿಪುಕಾರಕವೇ ಹೊಳೆಯುತ್ತದೆ. ಕತ್ತಲಲ್ಲಿ ಸ್ಟೀಲ್ ಲೋಟದ ಮೇಲೆ ದೀಪ ಬಿಡಿ, ಪ್ರತಿಫಲನ ಕಣ್ಣಿಗೆ ನೇರವಾಗಿ ಬಾರದಂತೆ ಓರೆಯಾಗಿ ನೋಡಿ. ಫಿಲ್ಟರ್ ಇದ್ದರೆ ಲೋಟದ ಮೇಲೆ ಮಂಕು ನೇರಳೆ ಕಾಣುತ್ತದೆ, ಇಲ್ಲದಿದ್ದರೆ ಬೆಳ್ಳಗೆ ಝಗ್ಗೆನ್ನುತ್ತದೆ. ಶಾರ್ಟ್‌ವೇವ್ ಫಿಲ್ಟರ್‌ಗೆ ತೇವ ಆಗಿಬರುವುದಿಲ್ಲ. ಬಿಳಿ ಮಂಕು ಕಟ್ಟಿ ಬೆಳಕು ತಗ್ಗುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.

ಇನ್ನೊಂದು ಉಪಾಯ ಪುಕ್ಕಟೆ. ಕಿಟಕಿಯ ಸಾದಾ ಗಾಜಿನ ತುಂಡು 254 ನ್ಯಾನೋಮೀಟರನ್ನು ಪೂರ್ತಿ ತಡೆಯುತ್ತದೆ, 365ನ್ನು ಬಹುಪಾಲು ಬಿಡುತ್ತದೆ. ಶಾರ್ಟ್‌ವೇವ್ ದೀಪಕ್ಕೂ ಕಲ್ಲಿಗೂ ನಡುವೆ ಗಾಜು ಹಿಡಿದಾಗ ಹೊಳಪು ಆರಿದರೆ ಅದು ನಿಜವಾದ ಶಾರ್ಟ್‌ವೇವ್ ಪ್ರತಿದೀಪ್ತಿ. ಆರದಿದ್ದರೆ ಅದಕ್ಕೆ ಉದ್ದ ಅಲೆಯೂ ಸಾಕು ಎಂದರ್ಥ. ಅಂಚು ಉಜ್ಜಿದ ಬೆರಳುದ್ದದ ಗಾಜಿನ ತುಂಡೊಂದು ಚೀಲದಲ್ಲಿರಲಿ.

ಕಣ್ಣು, ಚರ್ಮ

254 ನ್ಯಾನೋಮೀಟರ್ ಬೆಳಕು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ಆ ಕ್ಷಣ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಕನ್ನಡಕವಿಲ್ಲದೆ ವೆಲ್ಡಿಂಗ್ ಮಾಡಿದವರಿಗೆ ಆಗುವುದೂ ಇದೇ. ಮುಖಕ್ಕೆ ಒತ್ತಿ ಕೂರುವ ಪಾಲಿಕಾರ್ಬೊನೇಟ್ ಸುರಕ್ಷತಾ ಕನ್ನಡಕ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ತುಂಬುತೋಳಿನ ಅಂಗಿ ಹಾಕಿ, ಕೈಗೆ ಗ್ಲೌಸ್. ಮಕ್ಕಳಿಗೆ ತೋರಿಸುವಾಗ ಗಾಜಿನ ಕಿಟಕಿ ಇಟ್ಟ ಪೆಟ್ಟಿಗೆಯೊಳಗೇ ತೋರಿಸಿ. ಗಾಜು ಅಪಾಯದ ಬೆಳಕನ್ನು ಒಳಗೇ ತಡೆದು ಬಣ್ಣವನ್ನು ಮಾತ್ರ ಹೊರಗೆ ಬಿಡುತ್ತದೆ. ಟ್ಯೂಬ್ ಒಡೆದರೆ ಕಿಟಕಿ ತೆರೆದು ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಿ, ಉಳಿದ ಪುಡಿಯನ್ನು ಟೇಪ್‌ಗೆ ಅಂಟಿಸಿ ತೆಗೆಯಿರಿ. ಕಸಪೊರಕೆ ಆಡಿಸಿದರೆ ಪಾದರಸ ಮನೆ ತುಂಬ ಹರಡುತ್ತದೆ.

ಎಲ್ಲಿ, ಏನು

ಕೋಲಾರದಿಂದ ಶುರುಮಾಡೋಣ. ಕೆಜಿಎಫ್‌ನ ಚಿನ್ನದ ಎಳೆಗಳಲ್ಲಿ ಬೆಣಚುಕಲ್ಲಿನ ಜೊತೆ ಷೀಲೈಟ್ ಸಿಗುತ್ತದೆ. ಅದು ಕ್ಯಾಲ್ಸಿಯಂ ಟಂಗ್‌ಸ್ಟೇಟ್, ಅಂದರೆ ಟಂಗ್‌ಸ್ಟನ್ ಅದಿರು. ಹಗಲಲ್ಲಿ ಕೊಳೆಬಿಳಿ, ಮಾಸಲು ಕಂದು. ಬೆಣಚುಕಲ್ಲಿನೊಳಗೆ ಇದ್ದರೆ ಬೇರ್ಪಡಿಸಿ ಹೇಳುವುದು ಪಳಗಿದವರಿಗೂ ಕಷ್ಟ. ಶಾರ್ಟ್‌ವೇವ್ ಬಿದ್ದರೆ ಮಾತ್ರ ನೀಲಿಬಿಳಿ ಬಣ್ಣದಲ್ಲಿ ಚುಚ್ಚುವಂತೆ ಹೊಳೆಯುತ್ತದೆ. ಮಾಲಿಬ್ಡಿನಂ ಬೆರೆತಷ್ಟೂ ಬಣ್ಣ ಹಳದಿಗೆ ಜಾರುತ್ತದೆ. 365 ಟಾರ್ಚ್‌ಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ.

ಇಷ್ಟು ಓದಿ ಕೆಜಿಎಫ್‌ನ ಸಯನೈಡ್ ದಿಬ್ಬಗಳ ಕಡೆ ಹೊರಡಬೇಡಿ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ದಿಬ್ಬಗಳು ಉಳಿದವು. ಅವುಗಳಲ್ಲಿ ಷೀಲೈಟ್ ಇರುವುದು ನಿಜ. ಆದರೆ ಅದು ಗಿರಣಿಯಲ್ಲಿ ಅರೆದ ಪುಡಿಯಾಗಿ ಇದೆ, ಸಂಗ್ರಹಕ್ಕೆ ಇಡುವಂಥ ತುಂಡಾಗಿ ಅಲ್ಲ. ಅದೇ ಪುಡಿಯಲ್ಲಿ ಆರ್ಸೆನಿಕ್ ಇದೆ, ಚಿನ್ನ ತೆಗೆಯಲು ಬಳಸಿದ ಸಯನೈಡಿನ ಶೇಷವೂ ಇರಬಹುದು. ಗಾಳಿ ಎದ್ದರೆ ನೇರ ಶ್ವಾಸಕೋಶಕ್ಕೆ. ಗಣಿ ಕಂಪನಿಯ ಜಾಗವಾದ್ದರಿಂದ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಸುತ್ತ ಹಳೆಯ ಶಾಫ್ಟ್‌ಗಳೂ ಕುಸಿದ ನೆಲವೂ ಇವೆ. ಷೀಲೈಟಿನ ಒಂದು ಒಳ್ಳೆಯ ತುಂಡು ಬೇಕೆಂದರೆ ಖನಿಜ ಮಾರುವವರಿಂದ ಸಣ್ಣದೊಂದು ಕೊಂಡುಬಿಡಿ. ದೀಪ ಪರೀಕ್ಷಿಸಲು, ಬಣ್ಣ ಹೋಲಿಸಲು ಅದು ಹೇಗೂ ಬೇಕು.

ಕೋಲಾರ ಪಟ್ಟಿಯ ಕಲ್ಲನ್ನೇ ನೋಡಬೇಕೆಂಬ ಹಟವಿದ್ದರೆ ಹೊಲದ ಬದುವಿನಲ್ಲಿ ರೈತರು ಆರಿಸಿ ಗುಡ್ಡೆ ಹಾಕಿದ ಬೆಣಚುಕಲ್ಲುಗಳನ್ನು ನೋಡಿ. ಜಮೀನಿನವರನ್ನು ಕೇಳಿದರೆ ಬೇಡವೆನ್ನುವವರು ಕಡಿಮೆ, ಹೊಲದಿಂದ ಕಲ್ಲು ಹೋದರೆ ಅವರಿಗೂ ಒಳ್ಳೆಯದೇ. ಬಹುಪಾಲು ಕಲ್ಲು ಕತ್ತಲಾಗಿಯೇ ಉಳಿಯುತ್ತವೆ. ಬಿರುಕುಗಳಲ್ಲಿ ಕೂತ ಸುಣ್ಣದ ಪದರ ಮಂಕು ಬಿಳಿಯಾಗಿಯೋ ಕೆನೆಬಣ್ಣದಲ್ಲೋ ಕಂಡೀತು. ನೀಲಿಬಿಳಿ ಚುಕ್ಕೆ ಕಂಡರೆ ಅದೃಷ್ಟ. ಕೆಜಿಎಫ್ ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಸುತ್ತಿಗೆ ಎತ್ತಬಾರದು.

ತುಮಕೂರು ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ಚಿಕ್ಕನಾಯಕನಹಳ್ಳಿ ಕಡೆಯ ಪಟ್ಟಿಯಲ್ಲಿ ಸುಣ್ಣಕಲ್ಲು, ಮ್ಯಾಂಗನೀಸ್, ಕಬ್ಬಿಣದ ಅದಿರು ಒತ್ತೊತ್ತಾಗಿವೆ. ಸುಣ್ಣಕಲ್ಲಿನ ಕ್ಯಾಲ್ಸೈಟ್ ಕೆಂಪು ಕಿತ್ತಳೆಯಾಗಿ ಹೊಳೆಯಲು ಸ್ವಲ್ಪ ಮ್ಯಾಂಗನೀಸ್ ಬೇಕು, ಶಾರ್ಟ್‌ವೇವ್‌ಗೆ ಚೆನ್ನಾಗಿ ಹೊಳೆಯಲು ಜೊತೆಗೆ ತುಸು ಸೀಸವೂ ಇರಬೇಕು. ಹಾಗೆಂದು ಅದಿರಿಗೆ ಅಂಟಿಕೊಂಡ ಕಂದು ಕಲ್ಲನ್ನು ಹೊತ್ತು ತರಬೇಡಿ, ಕಬ್ಬಿಣ ಅದನ್ನು ಕೊಂದಿರುತ್ತದೆ. ಬೆಳ್ಳಗಿರುವ, ಒಡೆದರೆ ಓರೆ ಚೌಕಗಳಾಗಿ ಸೀಳುವ ಎಳೆಗಳನ್ನು ಆರಿಸಿ.

ಮಧುಗಿರಿ, ಪಾವಗಡದ ಕಡೆ ಕ್ಲೋಸ್‌ಪೇಟೆ ಗ್ರಾನೈಟ್. ಚಿಕ್ಕಬಳ್ಳಾಪುರದ ಕ್ವಾರಿಗಳಲ್ಲೂ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆ ಶಿಲೆ. ಗ್ರಾನೈಟ್ ಮೈಯೇನೂ ಹೊಳೆಯುವುದಿಲ್ಲ, ಫೆಲ್ಡ್‌ಸ್ಪಾರ್ ಶಾರ್ಟ್‌ವೇವ್‌ಗೆ ಮಂಕು ಕೆಂಪಾದರೆ ಅದೇ ಹೆಚ್ಚು. ನೋಡಬೇಕಾದದ್ದು ಬಿರುಕಿನ ಮುಖಗಳನ್ನು. ಗ್ರಾನೈಟ್ ಸೀಳಿದಾಗ ಒಳಮುಖದಲ್ಲಿ ಬಣ್ಣವಿಲ್ಲದ, ವಾರ್ನಿಷ್ ಬಳಿದಂಥ ತೆಳು ಪೊರೆ ಅಥವಾ ಸಣ್ಣ ಗುಳ್ಳೆಗಳು ಕೆಲವೊಮ್ಮೆ ಇರುತ್ತವೆ. ಅದು ಹಯಲೈಟ್, ಒಂದು ಬಗೆಯ ಓಪಲ್. ಹಗಲಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಶಾರ್ಟ್‌ವೇವ್‌ಗೆ ಕಣ್ಣು ಕುಕ್ಕುವ ಹಸಿರು. ಅದರಲ್ಲಿರುವ ಲೇಶ ಯುರೇನಿಯಂ ಇದಕ್ಕೆ ಕಾರಣ, ಒಂದೆರಡು ತುಂಡು ಇಟ್ಟುಕೊಳ್ಳಲು ಅಂಜಬೇಕಿಲ್ಲ. ಆದರೆ ದೊಡ್ಡ ಹರಳುಗಳ ಪೆಗ್ಮಟೈಟ್‌ನಲ್ಲಿ, ಕಾಗೆಬಂಗಾರದಂತೆ ಹಾಳೆ ಹಾಳೆಯಾಗಿ ಏಳುವ ನಿಂಬೆಹಳದಿ ಖನಿಜ ಕಂಡು, ಅದು ಹಳದಿಹಸಿರಾಗಿ ಉರಿದರೆ ಬಿಟ್ಟುಬಿಡಿ. ಅದು ಆಟುನೈಟ್‌ನಂಥ ಯುರೇನಿಯಂ ಖನಿಜವಿರಬಹುದು. ಅದರ ಪುಡಿ ಆರೋಗ್ಯಕ್ಕೆ ಕೆಟ್ಟದ್ದು, ಕಾನೂನೂ ಅಡ್ಡ ಬರುತ್ತದೆ.

ಕ್ವಾರಿಗೆ ಹೋಗುವುದಾದರೆ ಮೊದಲು ಮಾಲೀಕರನ್ನೋ ಮೇಸ್ತ್ರಿಯನ್ನೋ ಕಂಡು, ಸಿಡಿಮದ್ದು ಹೊಡೆಯುವ ಹೊತ್ತು ಯಾವುದೆಂದು ಕೇಳಿ. ಕಡಿದ ಗೋಡೆಯ ಬುಡದಲ್ಲಿ ನಿಲ್ಲದೆ, ಈಗಾಗಲೇ ಒಡೆದು ರಾಶಿ ಹಾಕಿದ ಕಡೆ ಹುಡುಕಿ. ದೇವರಾಯನದುರ್ಗದಂಥ ಅರಣ್ಯ, ಮಧುಗಿರಿ ಕೋಟೆಯಂಥ ಸಂರಕ್ಷಿತ ಜಾಗದಿಂದ ಕಲ್ಲು ತರುವಂತಿಲ್ಲ.

ಬೆಟ್ಟ ಹತ್ತದೆ ಶುರುಮಾಡಬಯಸುವವರಿಗೆ ಊರಿನ ಮಾರ್ಬಲ್ ಅಂಗಡಿಯ ಹಿಂದಿನ ತುಂಡುಗಳ ರಾಶಿಯೇ ಸಾಕು. ಬಹಳಷ್ಟು ಬಿಳಿ ಮಾರ್ಬಲ್ ಕ್ಯಾಲ್ಸೈಟೇ ಆದ್ದರಿಂದ ಕೆಲವು ಕೆಂಪಾಗಿ, ಕೆಲವು ಕೆನೆಬಣ್ಣದಲ್ಲಿ ಹೊಳೆಯುತ್ತವೆ. ಓನಿಕ್ಸ್ ಎಂದು ಮಾರುವ ಪಟ್ಟೆಪಟ್ಟೆ ಕಲ್ಲಿನ ತುಂಡು ಸಿಕ್ಕರೆ ಬಿಡಬೇಡಿ. ದೀಪ ಆರಿಸಿದ ಮೇಲೂ ಅದು ಕೆಲವು ಸೆಕೆಂಡು ಬೆಳಗುತ್ತಲೇ ಇರುವುದುಂಟು. ಇವು ರಾಜಸ್ಥಾನದಿಂದಲೋ ವಿದೇಶದಿಂದಲೋ ಬಂದ ಕಲ್ಲು, ಚೀಟಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬರೆಯಬೇಡಿ.

ರಾತ್ರಿಯೇ ಹೋಗಬೇಕೆಂದಿಲ್ಲ

ಕಲ್ಲುಬೆಟ್ಟಗಳ ಈ ಸೀಮೆಯಲ್ಲಿ ಕರಡಿ, ಚಿರತೆ ಇವೆ. ಕಲ್ಲಿನ ಸಂದಿಯಲ್ಲಿ ಗರಗಸ ಮಂಡಲ. ಹಗಲಲ್ಲೇ ನೋಡುವ ವಿಧಾನ ಸುಲಭ: ದಪ್ಪ ಕರಿಕಂಬಳಿಯನ್ನು ತಲೆಯಿಂದ ನೆಲದವರೆಗೆ ಹೊದ್ದು, ಅಂಚುಗಳನ್ನು ಕಲ್ಲಿಟ್ಟು ಮುಚ್ಚಿ, ಒಳಗೆ ದೀಪ ಹಚ್ಚಿ. ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲು ಒಗ್ಗಲು ಹೊತ್ತು ಬೇಕು, ಎರಡು ಮೂರು ನಿಮಿಷ ಕಣ್ಣು ಮುಚ್ಚಿ ಕೂತು ಆಮೇಲೆ ನೋಡಿ. ಮಂಕು ಬಣ್ಣ ಕಾಣಲು ಹತ್ತು ನಿಮಿಷವಾದರೂ ಬೇಕು, ಅದನ್ನು ಮನೆಯಲ್ಲಿ ಮಾಡುವುದೇ ವಾಸಿ. ಹಾಗಾಗಿ ಅನುಮಾನ ಬಂದ ತುಂಡುಗಳನ್ನು ಒಂದೆರಡು ಕಿಲೋ ಚೀಲದಲ್ಲಿ ತಂದು ರಾತ್ರಿ ನೋಡಿ.

ಬಯಲಲ್ಲಿ ರಾತ್ರಿ ನೋಡುವುದಾದರೆ 365 ಟಾರ್ಚ್‌ನಿಂದ ಮೊದಲು ನೆಲ ನೋಡಿಕೊಳ್ಳಿ. ಚೇಳು ಹಸಿರುನೀಲಿಯಾಗಿ ಎದ್ದು ಕಾಣುತ್ತದೆ, ಎರಡು ಮೂರು ಮೀಟರ್ ದೂರದಿಂದಲೇ. ಕಲ್ಲಿಗಿಂತ ಅದೇ ಹೆಚ್ಚು ಸಿಗುವ ರಾತ್ರಿಗಳೂ ಇವೆ.

ಹುಸಿ ಹೊಳಪು

ಹೊಸಬರು ತರುವ ಚೀಲದಲ್ಲಿ ಅರ್ಧ ಇದೇ. ನೀಲಿಬಿಳಿ ಹೊಳಪು ಕಂಡರೆ ಮೊದಲು ಉಗುರಿನಿಂದ ಕೆರೆದು ನೋಡಿ. ಬಟ್ಟೆಯ ನೂಲು, ಕಾಗದದ ಚೂರು, ಪ್ಲಾಸ್ಟಿಕ್, ಹಕ್ಕಿಯ ಹಿಕ್ಕೆ ಎಲ್ಲವೂ ಹೊಳೆಯುತ್ತವೆ. ಬಂಡೆಯ ಮೇಲಿನ ಕೆಲವು ಕಲ್ಲುಹೂಗಳು ಕಿತ್ತಳೆಯಾಗಿ ಕಾಣುತ್ತವೆ. ಇವು ಮೇಲ್ಮೈಯಲ್ಲಷ್ಟೇ ಇರುತ್ತವೆ, ಕಲ್ಲು ಒಡೆದು ಹೊಸ ಮುಖ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಎಲ್ಲಕ್ಕಿಂತ ಮೋಸದ್ದು ಬಟ್ಟೆ ಸೋಪಿನ ಪುಡಿ. ಅದರಿಂದ ಕಲ್ಲು ತೊಳೆದರೆ ಬಿರುಕುಗಳಲ್ಲಿ ಬಿಳಿಪುಕಾರಕ ಉಳಿದು, ಷೀಲೈಟ್ ಎಳೆಯೇ ಸಿಕ್ಕಿತೆಂಬ ಭ್ರಮೆ ಹುಟ್ಟಿಸುತ್ತದೆ. ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಅಷ್ಟೇ ಬಳಸಿ. ಹಿತ್ತಾಳೆ ಬೆಳಗುವ ಹುಣಸೆಹುಳಿ, ನಿಂಬೆ, ಟಾಯ್ಲೆಟ್ ಆಸಿಡ್ ಯಾವುದೂ ಬೇಡ, ಕ್ಯಾಲ್ಸೈಟ್ ಕರಗಿ ಮೈ ಒರಟಾಗುತ್ತದೆ.

ಗುರುತು ಹಿಡಿಯುವುದು

ಬಣ್ಣವೊಂದನ್ನೇ ನಂಬಬೇಡಿ. ಬಿಳಿಯಾಗಿ ಹೊಳೆಯುವ ಖನಿಜಗಳು ಹತ್ತಾರಿವೆ. ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟಾಗ ನೊರೆ ಎದ್ದರೆ ಕ್ಯಾಲ್ಸೈಟ್, ಆಮೇಲೆ ನೀರಿನಲ್ಲಿ ತೊಳೆದುಬಿಡಿ. ಚಾಕುವಿನ ಮೊನೆ ಷೀಲೈಟನ್ನು ಗೀರುತ್ತದೆ, ಬೆಣಚುಕಲ್ಲನ್ನು ಗೀರುವುದಿಲ್ಲ. ಹಯಲೈಟ್ ನೊರೆಯನ್ನೂ ಕೊಡುವುದಿಲ್ಲ.

ಇನ್ನೂ ಖಚಿತ ಬೇಕೆಂದರೆ ಸಾಂದ್ರತೆ ಅಳೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಗ್ರಾಮೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರ್ ಲೆಕ್ಕದಲ್ಲಿ. ಒಣ ತೂಕವನ್ನು ಅದರಿಂದ ಭಾಗಿಸಿ. 54.2 ಗ್ರಾಂ ಕಲ್ಲು ನೀರಿನಲ್ಲಿ 20 ತೋರಿಸಿದರೆ ಸಾಂದ್ರತೆ 2.71, ಅಂದರೆ ಕ್ಯಾಲ್ಸೈಟ್. ಬೆಣಚುಕಲ್ಲು 2.65. ಷೀಲೈಟ್ 6ರ ಆಸುಪಾಸು, ಅಂಗೈಯಲ್ಲಿ ಹಿಡಿದರೇ ಭಾರ ಗೊತ್ತಾಗುತ್ತದೆ. ಬೆಣಚುಕಲ್ಲಿನಲ್ಲಿ ಚುಕ್ಕೆಯಷ್ಟೇ ಷೀಲೈಟ್ ಇದ್ದರೆ ಈ ಲೆಕ್ಕ ಕೈಕೊಡುತ್ತದೆ. ಮೇಲಿನ ಗಾಳಿಗುಳ್ಳೆಗಳನ್ನು ಬ್ರಷ್‌ನಿಂದ ತೆಗೆಯದಿದ್ದರೂ ಸಾಂದ್ರತೆ ಕಡಿಮೆ ಬರುತ್ತದೆ. ಐದು ಗ್ರಾಮಿಗಿಂತ ಸಣ್ಣ ತುಂಡಿಗೆ ಅಡುಗೆಮನೆ ತಕ್ಕಡಿಯ ಉತ್ತರ ನಂಬುವಂಥದ್ದಲ್ಲ.

ಹಳ್ಳದ ಮರಳು

ತುಂಡು ಕಲ್ಲು ಸಿಗದ ಕಡೆ ಮರಳಿನಲ್ಲಿ ಹುಡುಕಬಹುದು. ಹಳ್ಳ ತಿರುಗುವ ಒಳಬದಿಯಲ್ಲಿ, ಬಂಡೆಯ ಹಿಂದೆ ಕಪ್ಪು ಮರಳು ನಿಲ್ಲುತ್ತದೆ. ಒಂದೆರಡು ಹಿಡಿ ಸಾಕು. ಗಾರೆ ಕೆಲಸದ ಬಾಂಡ್ಲಿಯಲ್ಲಿ ನೀರು ಹಾಕಿ, ಸುತ್ತಿಸಿ, ಹಗುರ ಮರಳು ಅಂಚಿನಿಂದ ಜಾರಿಹೋಗುವಂತೆ ಓರೆ ಮಾಡಿ. ಒಂದೆರಡು ಚಮಚ ಭಾರದ ಮರಳು ಉಳಿಯುವವರೆಗೆ ಹೀಗೇ ಮಾಡಿ. ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ ಕಬ್ಬಿಣದ ಕರಿಕಣ ತೆಗೆಯಿರಿ. ಚೀಲ ಸುತ್ತದಿದ್ದರೆ ಅಯಸ್ಕಾಂತಕ್ಕೆ ಅಂಟಿದ್ದು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಉಳಿದದ್ದನ್ನು ಕಪ್ಪು ತಟ್ಟೆಯಲ್ಲಿ ತೆಳ್ಳಗೆ ಹರಡಿ ಶಾರ್ಟ್‌ವೇವ್ ಹಿಡಿದರೆ ಜಿರ್ಕಾನ್ ಎಂಬ ಖನಿಜದ ಕಣಗಳು ಹಳದಿಕಿತ್ತಳೆ ಚುಕ್ಕೆಗಳಾಗಿ ಏಳುತ್ತವೆ. ಗ್ರಾನೈಟ್ ಸೀಮೆಯಲ್ಲಿ ಇದು ತಪ್ಪುವುದು ಅಪರೂಪ. ರಭಸವಾಗಿ ಸುತ್ತಿಸಿದರೆ ಜಿರ್ಕಾನ್ ಕೂಡ ನೀರಿನ ಜೊತೆ ಹೋಗುತ್ತದೆ, ಮೊದಲ ಸಲ ಕೆಳಗೊಂದು ಬಕೆಟ್ ಇಟ್ಟುಕೊಂಡು ಹೋದ ಮರಳನ್ನೂ ನೋಡಿ.

ಪೆಟ್ಟಿಗೆ, ಫೋಟೊ, ಚೀಟಿ

ಟಿವಿ ಬಂದ ರಟ್ಟಿನ ಪೆಟ್ಟಿಗೆಯ ಒಳಗೆ ಕಪ್ಪು ಡ್ರಾಯಿಂಗ್ ಹಾಳೆ ಅಂಟಿಸಿ. ಹಾಳೆಯನ್ನು ಕೊಳ್ಳುವ ಮೊದಲೇ ದೀಪ ಹಾಯಿಸಿ ನೋಡಿ, ಕೆಲವು ಕಪ್ಪು ಹಾಳೆಗಳಲ್ಲಿ ಹೊಳೆಯುವ ನಾರುಗಳಿರುತ್ತವೆ. ಬಿಳಿ ಗೋಂದೂ ನೀಲಿಯಾಗಿ ಹೊಳೆಯುವುದುಂಟು, ಅಂಟು ಹೊರಗೆ ಕಾಣದಂತೆ ಹಚ್ಚಿ. ಮೇಲೆ ದೀಪಕ್ಕೆ ತೂತು, ಮುಂದೆ ಅಂಗೈಯಗಲದ ಗಾಜಿನ ಕಿಟಕಿ. ದೀಪದಿಂದ ಕಲ್ಲಿಗೆ 10ರಿಂದ 15 ಸೆಂಟಿಮೀಟರ್ ದೂರ. ದೂರ ಎರಡು ಪಟ್ಟಾದರೆ ಸಣ್ಣ ದೀಪದ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಪೆಟ್ಟಿಗೆ ದೊಡ್ಡದಾದಷ್ಟೂ ನಷ್ಟ.

ಫೋಟೊಗೆ ಮೊಬೈಲಿನ ಪ್ರೊ ಮೋಡ್ ಸಾಕು. ಸಾದಾ ಬೆಳಕಿನಲ್ಲಿ ಫೋಕಸ್ ಮಾಡಿ ಲಾಕ್ ಮಾಡಿ, ಆಮೇಲೆ ಕತ್ತಲು ಮಾಡಿ. ಐಎಸ್‌ಒ 100ರಿಂದ 400, ಶಟರ್ 2ರಿಂದ 10 ಸೆಕೆಂಡು, ವೈಟ್ ಬ್ಯಾಲೆನ್ಸ್ ಹಗಲಿನ ಬೆಳಕಿಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಮೊಬೈಲ್ ಹಸಿರನ್ನು ಬಿಳಿ ಮಾಡುತ್ತದೆ, ಕೆಂಪನ್ನು ಗುಲಾಬಿ ಮಾಡುತ್ತದೆ. ಮೊಬೈಲನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ, ಟೈಮರ್ ಹಾಕಿ. ಚಿತ್ರದ ತುಂಬ ನೀಲಿ ಮಂಜು ಕವಿದರೆ ಲೆನ್ಸ್‌ಗೆ ಯುವಿ ನುಗ್ಗುತ್ತಿದೆ ಎಂದರ್ಥ, ಮುಂದೊಂದು ಯುವಿ ತಡೆಯುವ ಕ್ಯಾಮೆರಾ ಫಿಲ್ಟರ್ ಹಿಡಿಯಿರಿ.

ಪ್ರತಿ ಕಲ್ಲಿನ ಜೊತೆಗೂ ಚೀಟಿ ಇರಲಿ: ಊರು, ತಾಲ್ಲೂಕು, ಸಿಕ್ಕ ತಾರೀಖು, ಯಾರ ಜಮೀನು ಅಥವಾ ಯಾವ ಕ್ವಾರಿ, 254ಕ್ಕೆ ಬಣ್ಣ, 365ಕ್ಕೆ ಬಣ್ಣ, ದೀಪ ಆರಿಸಿದ ಮೇಲೆ ಎಷ್ಟು ಸೆಕೆಂಡು ಬೆಳಗಿತು. "ಏನೂ ಇಲ್ಲ" ಎಂಬುದನ್ನೂ ಬರೆಯಿರಿ, ಖಾಲಿ ಬಿಟ್ಟರೆ ಆರು ತಿಂಗಳ ಮೇಲೆ ನೋಡಿದ್ದೆವೋ ಇಲ್ಲವೋ ನೆನಪಿರುವುದಿಲ್ಲ. ಚೀಟಿ ಪೆನ್ಸಿಲ್‌ನಲ್ಲಿ ಬರೆಯುವುದು ಮೇಲು, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಬಿಳಿ ಚೀಟಿಯೂ ಯುವಿಗೆ ಹೊಳೆದು ಪಕ್ಕದ ಕಲ್ಲಿನ ಮಂಕು ಬಣ್ಣವನ್ನು ನುಂಗುವುದರಿಂದ ಅದನ್ನು ಕಲ್ಲಿನ ಅಡಿಗೆ ಮಡಿಸಿಡಿ.